ನನ್ನ ಕಾರ್ಡಿನಲ್ಲಿ ನೂರ ಇಪ್ಪತ್ತು, ಎಂಬತ್ತು

ಬೀರೂರು ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಕೆಳಗಿನ ಸಾಲು ಇರಲಿಲ್ಲ.

ಅಜ್ಜಂಪುರದಿಂದ ಕಡೂರಿಗೆ ದಿನಾ ಹೋಗುವ ರೈಲು. ಹನ್ನೆರಡು ವರ್ಷದಿಂದ ನೋಡುತ್ತಿದ್ದ ಬೋರ್ಡು. ಎಡಗಣ್ಣಿಗೆ ಧೂಳು ಬಿತ್ತೆಂದು ಉಜ್ಜಿಕೊಳ್ಳುತ್ತಾ ಬಲಗಣ್ಣಿನಿಂದ ನೋಡಿದೆ. ಕನ್ನಡ ಕಂಡಿತು, ಹಿಂದಿ ಕಂಡಿತು, ಇಂಗ್ಲಿಷ್ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಮಬ್ಬು. ಕನ್ನಡಕ ಒರೆಸಿದೆ. ಮುಖ ತೊಳೆದೆ. ಮಬ್ಬು ಹೋಗಲಿಲ್ಲ.

ಮೂರು ದಿನ ಹಾಗೇ ಕೆಲಸಕ್ಕೆ ಹೋದೆ.

ಕಡೂರಿನ ಆಚೆಗಿರುವ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಎಚ್.ಆರ್. ಮ್ಯಾನೇಜರ್. ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ರಜೆ ಕೊಡಿಸುವುದು, ಸೂಪರ್‌ವೈಸರ್ ಬೈದರೆ ಕೇಳುವುದು, ಮನೆಯಲ್ಲಿ ಹೊಡೆಸಿಕೊಂಡು ಬಂದವರನ್ನು ಕೂರಿಸಿ ನೀರು ಕೊಡುವುದು ನನ್ನ ಕೆಲಸ. ನನ್ನ ರೂಮಿಗೆ ಬಂದವರು ಅತ್ತು ಹಗುರಾಗಿ ಹೋಗುತ್ತಿದ್ದರು. ಅವರು ಬಿಟ್ಟು ಹೋದದ್ದನ್ನು ನಾನು ಎಲ್ಲಿ ಇಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಡಬ್ಬಿಯ ಊಟ ಎಷ್ಟೋ ದಿನ ಹಾಗೇ ವಾಪಸ್ಸು ಬರುತ್ತಿತ್ತು.

ನಾಲ್ಕನೆಯ ದಿನ ಬಲಗಣ್ಣಿನ ಮಬ್ಬು ಅಡ್ಡ ಬಂದು ಒಬ್ಬಳ ರಜೆ ಚೀಟಿ ಓದಲಾಗಲಿಲ್ಲ. ನನ್ನ ಗಂಡ ರುದ್ರೇಶ್ ಅಜ್ಜಂಪುರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಬಾಗಿಲು ಎಳೆದು ತರೀಕೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕಣ್ಣೊಳಗೆ ಟಾರ್ಚ್ ಬಿಟ್ಟು ನೋಡಿ, “ಇದು ಕನ್ನಡಕದ ವಿಷಯ ಅಲ್ಲಮ್ಮ, ಇವತ್ತೇ ಶಿವಮೊಗ್ಗಕ್ಕೆ ಹೋಗಿ” ಅಂದರು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ರೆಟಿನಾದ ಒಂದು ರಕ್ತನಾಳ ಕಟ್ಟಿಕೊಂಡು ಒಳಗೆ ರಕ್ತ ಸೋರಿತ್ತು. ಬಿಪಿ ನೂರ ತೊಂಬತ್ತು, ನೂರ ಹತ್ತು.

“ಮೊದಲಿಂದ ಬಿಪಿ ಇತ್ತಾ?” ಡಾಕ್ಟರ್ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ರುದ್ರೇಶ್ ಪ್ಲಾಸ್ಟಿಕ್ ಫೈಲ್ ಬಿಚ್ಚಿದರು. ಮೂರು ವರ್ಷದಿಂದ ಫ್ಯಾಕ್ಟರಿಯಲ್ಲಿ ಪ್ರತಿ ವರ್ಷ ಹೆಲ್ತ್ ಕ್ಯಾಂಪ್ ನಡೆಯುತ್ತದೆ. ಅದರ ಕಾರ್ಡುಗಳನ್ನು ಅವರು ಮನೆಯ ಖಾತೆ ಪತ್ರಗಳ ಜೊತೆ ಜೋಪಾನವಾಗಿ ಇಟ್ಟಿದ್ದರು.

“ನೋಡಿ ಡಾಕ್ಟ್ರೇ, ಮೂರು ವರ್ಷದ್ದೂ ಐತೆ. ಎಲ್ಲಾ ನಾರ್ಮಲ್ಲು. ಇವ್ಳಿಗೆ ಬಿಪಿ-ಗೀಪಿ ಏನಿಲ್ಲ ಕಣ್ರೀ.”

ಅವರ ದನಿಯಲ್ಲಿ ಹೆಮ್ಮೆಯಿತ್ತು. ಡಾಕ್ಟರ್ ಕಾರ್ಡು ನೋಡಿದರು. ಗಾಬರಿಗೆ ಬಿಪಿ ಏರಿರಬಹುದು, ಸದ್ಯಕ್ಕೆ ಸಣ್ಣ ಡೋಸ್ ಮಾತ್ರೆ ಸಾಕು, ಕಾರಣ ಬೇರೆ ಇರಬೇಕು, ರಕ್ತ ಹೆಪ್ಪುಗಟ್ಟುವ ತೊಂದರೆ ಇದೆಯೋ ನೋಡೋಣ ಅಂತ ಅಡ್ಮಿಟ್ ಮಾಡಿಕೊಂಡು ಟೆಸ್ಟ್ ಬರೆದರು.

ಆ ಮೂರೂ ಕಾರ್ಡು ತುಂಬಿದವಳು ನಾನು.

ಕ್ಯಾಂಪಿನ ದಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗುತ್ತಿದ್ದೆ. ಸೂಜಿಗೆ ಹೆದರುವವರ ಕೈ ಹಿಡಿದುಕೊಳ್ಳುತ್ತಿದ್ದೆ. ನರ್ಸ್ “ಮೇಡಂ, ನೀವೂ ಕೂತ್ಕಳಿ” ಅಂದರೆ “ನಂದು ಆಮೇಲೆ” ಅನ್ನುತ್ತಿದ್ದೆ. ನನ್ನ ಸರದಿ ಬರುವ ಹೊತ್ತಿಗೆ ಕ್ಯಾಂಪಿನವರು ಗಂಟುಮೂಟೆ ಕಟ್ಟಿರುತ್ತಿದ್ದರು. ಜನರಲ್ ಮ್ಯಾನೇಜರ್ ಬಂದು, “ನಿಮ್ದೊಂದೇ ಕಾರ್ಡ್ ಬಾಕಿ ಮೇಡಂ. ತುಂಬ್ಬಿಡಿ, ನಾಳೆ ಆಡಿಟ್‌ನವರು ಬರ್ತಾರೆ” ಅನ್ನುತ್ತಿದ್ದರು. ಮೊದಲ ವರ್ಷ ನೂರ ಇಪ್ಪತ್ತು, ಎಂಬತ್ತು ಅಂತ ಬರೆದೆ. ಎರಡನೆಯ ವರ್ಷ ನೂರ ಹದಿನೆಂಟು, ಎಪ್ಪತ್ತೆಂಟು. ಮೂರು ವರ್ಷವೂ ಒಂದೇ ಅಂಕಿ ಇದ್ದರೆ ಯಾರಾದರೂ ಅನುಮಾನ ಪಟ್ಟಾರಲ್ಲ! ಸುಳ್ಳಿಗೂ ಒಂದು ಅಂದ ಬೇಕು.

ಡಾಕ್ಟರಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಫ್ಯಾಕ್ಟರಿಯ ಹೆಸರು ಹಾಳಾಗುತ್ತದೆ, ಆಡಿಟ್ ಕೆಡುತ್ತದೆ, ಜಿ.ಎಂ.ಗೆ ತೊಂದರೆಯಾಗುತ್ತದೆ ಅಂತ ಯೋಚಿಸಿದೆ. ಒಂದು ಕಣ್ಣು ಹೋಗುತ್ತಿದ್ದಾಗ ನಾನು ಯೋಚಿಸಿದ್ದು ಇದನ್ನು. ಈಗ ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎರಡನೆಯ ದಿನ ಸಂಜೆ ಜಿ.ಎಂ. ಸೇಬು ತೆಗೆದುಕೊಂಡು ಬಂದರು. ನನಗೆ ನಿಜಕ್ಕೂ ಸಂತೋಷವಾಯಿತು. ರುದ್ರೇಶ್ ಔಷಧಿ ತರಲು ಕೆಳಗೆ ಹೋಗಿದ್ದರು. ಜಿ.ಎಂ. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತರು.

“ಲತಾ ಮೇಡಂ, ಆಫೀಸಲ್ಲಿರೋ ನಿಮ್ಮ ಹೆಲ್ತ್ ಕಾರ್ಡ್ ಕಾಪಿ ನೋಡ್ದೆ. ಮೂರು ವರ್ಷವೂ ನಾರ್ಮಲ್ ಇದೆ. ಇದು ಕೆಲಸದ ಒತ್ತಡದಿಂದ ಬಂದದ್ದಲ್ಲ ಅಂತ ಹೆಡ್ ಆಫೀಸಿಗೆ ಬರೆದಿದ್ದೀನಿ. ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ತಿದ್ದೀವಿ. ನೀವು ಆರಾಮಾಗಿ ರೆಸ್ಟ್ ತಗೊಳ್ಳಿ.”

“ಸರ್, ಆ ಕಾರ್ಡ್ ಹೇಗೆ ತುಂಬಿದ್ದು ಅಂತ ನಿಮಗೆ ಗೊತ್ತಲ್ಲ...”

“ಅದು ನಿಮ್ಮದೇ ಕೈಬರಹ ಅಲ್ವಾ ಮೇಡಂ?”

ನಗುತ್ತಲೇ ಕೇಳಿದರು.

ಕೆಟ್ಟ ಸುದ್ದಿ ಹೇಳುವಾಗ ಎದುರಿಗೆ ಕೂತು ಹೇಳಿ, ಹೆಸರು ಹಿಡಿದು ಮಾತಾಡಿಸಿ, ದನಿ ತಗ್ಗಿಸಿ ಅಂತ ತರಬೇತಿಯಲ್ಲಿ ಕಲಿಸಿದವಳು ನಾನೇ. ಅವರು ಚೆನ್ನಾಗಿ ಕಲಿತಿದ್ದರು. ಹನ್ನೆರಡು ವರ್ಷ ಎಷ್ಟೋ ಜನರ ಸಿಟ್ಟು ಇವರ ಬಾಗಿಲು ತಟ್ಟದ ಹಾಗೆ ಅಡ್ಡ ನಿಂತಿದ್ದೆ. ನನಗೆ ದ್ರೋಹವಾಯಿತು. ಇದಕ್ಕಿಂತ ಮೆತ್ತಗಿನ ಮಾತು ನನ್ನಲ್ಲಿ ಇಲ್ಲ. ಅವರು ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿ ಅತ್ತೆ.

ಮಾರನೆಯ ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದಾಗ, ರುದ್ರೇಶ್ ಪಕ್ಕದಲ್ಲೇ ನಿಂತಿದ್ದಾಗ, ಹೇಳಿದೆ. ಆ ಅಂಕಿಗಳೆಲ್ಲ ನಾನು ಸುಮ್ಮನೆ ಬರೆದದ್ದು.

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ಕೊನೆಗೆ ಬಿಪಿ ನೋಡಿಸಿದ್ದು ಯಾವಾಗ?”

“ಹೆರಿಗೆ ಆದಾಗ.”

ನನ್ನ ಮಗಳಿಗೆ ಈಗ ಹದಿನಾರು ವರ್ಷ.

“ಈ ಎರಡು ದಿನ ನಾವು ಬೇರೇನನ್ನೋ ಹುಡುಕ್ತಾ ಇದ್ವಲ್ಲಮ್ಮ” ಅಂದರು ಡಾಕ್ಟರ್. ಬೈದಿದ್ದರೆ ವಾಸಿಯಿತ್ತು. ಆವತ್ತೇ ಬಿಪಿಯ ಮಾತ್ರೆ ಬದಲಾಯಿಸಿದರು. ಹೃದಯ, ಕಿಡ್ನಿ ಎಲ್ಲ ನೋಡಿದರು. ಕಣ್ಣಿಗೆ ಮೊದಲ ಇಂಜೆಕ್ಷನ್ ಕೊಟ್ಟರು.

ರುದ್ರೇಶ್ ಫೈಲ್ ಮಡಿಚಿ ಬ್ಯಾಗಿಗೆ ಹಾಕಿದರು. ಆಮೇಲೆ ಅಂದರು, “ಪ್ರತಿ ವರ್ಷ ಕೇಳ್ತಿದ್ದೆ, ತೋರಿಸ್ಕಂಡ್ಯಾ ಅಂತ. ನೀನು ಹೂಂ ಅಂತಿದ್ದೆ. ಕಂಪ್ನಿಯೋರು ಮೋಸ ಮಾಡಿದ್ರು ಅಂತ ಅಳ್ತೀಯ. ನಂಗೂ ಅದೇ ಕಾರ್ಡ್ ತಾನೇ ನೀನು ಕೊಟ್ಟಿದ್ದು?”

ಅವರು ಇಡ್ಲಿ ತಂದು ಇಟ್ಟು ಹೊರಗೆ ಬೆಂಚಿನ ಮೇಲೆ ಕೂತರು.

ಮನೆಗೆ ಬಂದ ಮೇಲೆ ಹೆಡ್ ಆಫೀಸಿಗೆ ಪತ್ರ ಬರೆದೆ. ಕಾರ್ಡು ಹೇಗೆ ತುಂಬಿದ್ದು, ಯಾರು ಹೇಳಿದ್ದು, ಬರೆದವಳು ನಾನೇ, ಎಲ್ಲ ಬರೆದೆ. ಇವತ್ತಿನವರೆಗೆ ಉತ್ತರವಿಲ್ಲ. ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದಾರೆ. ನೋಡಲು ಬಂದ ನಮ್ಮ ಅತ್ತೆ, “ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ನೀರಿನ ಬಾನಿಯೊಳಗೆ ಬಿತ್ತಂತೆ” ಅಂದು ತಲೆ ಸವರಿದರು. ನಗು ಬಂತು, ಕಣ್ಣೀರೂ ಬಂತು.

ನನ್ನ ಹಾಗೆ ಎಚ್.ಆರ್. ಕುರ್ಚಿಯಲ್ಲಿ ಕೂತವರು ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಹೆಸರನ್ನು ಪಟ್ಟಿಯ ಕೊನೆಗೆ ಬರೆಯಬೇಡಿ. ಎಲ್ಲರಿಗೂ ನೀವಿದ್ದೀರಿ, ನಿಮಗೂ ಯಾರೋ ಇದ್ದಾರೆ ಅಂದುಕೊಂಡಿರುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ರುದ್ರೇಶ್ ಹೇಳುವ ಹಾಗೆ, ಮೋಟ್ರು ಸುಟ್ಟ ವಾಸ್ನೆ ಬಂದ್ಮೇಲೇ ಜನ ಅಂಗ್ಡಿಗೆ ತರೋದು.

ಈಗ ಮೂರು ಇಂಜೆಕ್ಷನ್ ಆಗಿವೆ. ಮೊನ್ನೆ ಶಿವಮೊಗ್ಗದಿಂದ ಬೀರೂರಿನ ಮೇಲೆ ಬಂದೆವು. ಎಡಗಣ್ಣು ಮುಚ್ಚಿಕೊಂಡು ನೋಡಿದೆ. ಬೋರ್ಡಿನ ಕೆಳಗಿನ ಸಾಲು ಇತ್ತು. ಅಕ್ಷರಗಳು ಸ್ವಲ್ಪ ಡೊಂಕು, ಆದರೆ ಇದ್ದವು. ಇದಕ್ಕಿಂತ ನೇರ ಆಗಲಾರವು ಅಂತ ಡಾಕ್ಟರ್ ಹೇಳಿದ್ದಾರೆ. ಇಷ್ಟಾದರೂ ಉಳಿಯಿತಲ್ಲ.

ರುದ್ರೇಶ್ ಒಂದು ಬಿಪಿ ಮೆಷಿನ್ ತಂದಿದ್ದಾರೆ. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ನನ್ನ ತೋಳಿಗೆ ಪಟ್ಟಿ ಸುತ್ತುತ್ತಾರೆ. ಅಂಕಿ ಬಂದ ಕೂಡಲೇ ಅಂಗೈಯಿಂದ ಮುಚ್ಚಿಕೊಳ್ಳುತ್ತಾರೆ.

“ಎಷ್ಟೈತೆ ಹೇಳು ನೋಡನ?”

ಮೊದಮೊದಲು ಇದು ತಮಾಷೆಯಲ್ಲ, ಚುಚ್ಚುವುದೇ ಆಗಿತ್ತು. ಈಗ ಎರಡೂ ಇವೆ.

“ನಂಗೊತ್ತಿಲ್ಲ. ನೀವೇ ನೋಡಿ ಹೇಳ್ರೀ” ಅನ್ನುತ್ತೇನೆ.

ಅವರು ಕೈ ತೆಗೆಯುತ್ತಾರೆ. ಇವತ್ತು ನೂರ ನಲವತ್ತಾರು, ತೊಂಬತ್ತೆರಡು. ನನ್ನ ಕಡೆ ಮೆಷಿನ್ ತಿರುಗಿಸಿ ತೋರಿಸಿ, ಆಮೇಲೆ ಅವರೇ ಬರೆದುಕೊಂಡರು. ಪೆನ್ನನ್ನು ನನ್ನ ಕೈಗೆ ಇನ್ನೂ ಕೊಟ್ಟಿಲ್ಲ.