ಬಲಿಪೀಠದ ಮುಂದೆ ಬಿಟ್ಟುಬಂದ ತೆನೆಬುಟ್ಟಿ

ನಮ್ಮ ಅತ್ತೆ ಮೇ ತಿಂಗಳಲ್ಲೇ ಭತ್ತ ಬಿತ್ತುತ್ತಾರೆ. ಮಲೆನಾಡಿನಲ್ಲಿ, ಸಾಗರ ಪೇಟೆಯಾಚೆಯ ನಮ್ಮ ಊರಿನಲ್ಲಿ ಇದು ಎಲ್ಲರಿಗೂ ಗೊತ್ತು. ಹೊಸಬರು ಮಾತ್ರ ನಗುತ್ತಾರೆ. ಇಲ್ಲಿನ ಗದ್ದೆಗಳಲ್ಲಿ ತೆನೆ ಕಾಣಬೇಕಾದರೆ ದಸರಾ ಬರಬೇಕು. ನಮ್ಮ ತೆನೆ ಹಬ್ಬ, ಅಂದರೆ ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಸೆಪ್ಟೆಂಬರಿನ ಮೊದಲ ವಾರ ಮುಗಿಯುತ್ತಿದ್ದಂತೆ ಬಂದುಬಿಡುತ್ತದೆ. ಹಬ್ಬ ಕರಾವಳಿಯಿಂದ ನಮ್ಮ ಹಿರಿಯರ ಜೊತೆ ಘಟ್ಟ ಹತ್ತಿ ಬಂದದ್ದು. ಭತ್ತಕ್ಕೆ ಅದೆಲ್ಲ ಗೊತ್ತಿಲ್ಲ, ಅದು ಇಲ್ಲಿನ ಹವೆಯ ಮಾತು ಕೇಳುತ್ತದೆ. ಅದಕ್ಕೇ ಅತ್ತೆ ಬಾವಿಯ ಪಕ್ಕ ಒಂದು ಚಿಕ್ಕ ಮಡಿ ಮಾಡಿ, ಕೊಡದಲ್ಲಿ ನೀರು ಹೊತ್ತು ಹಾಕಿ, ಬೇಗ ಬರುವ ತಳಿಯ ಬೀಜ ಬಿತ್ತಿ, ಹಬ್ಬದ ಹೊತ್ತಿಗೆ ಹಾಲು ತುಂಬಿದ ತೆನೆ ಸಿಗುವ ಹಾಗೆ ನೋಡಿಕೊಳ್ಳುತ್ತಾರೆ. ಚರ್ಚಿನಲ್ಲಿ ಆಶೀರ್ವಾದವಾಗುವ ತೆನೆಗಳೆಲ್ಲ ಆ ಮಡಿಯವು. ಆ ಒಂದು ದಿನ ಇಡೀ ಚರ್ಚು ಅತ್ತೆಯ ಬುಟ್ಟಿಯನ್ನೇ ನಂಬಿಕೊಂಡಿರುತ್ತದೆ, ಅತ್ತೆಗೂ ಅದು ಚೆನ್ನಾಗಿಯೇ ಗೊತ್ತು.

ಆಶೀರ್ವಾದವಾದ ಮೇಲೆ ಮನೆಗೊಂದು ತೆನೆ. ಅದರ ಕಾಳು ಬಿಡಿಸಿ, ಸಿಪ್ಪೆ ಸುಲಿದು, ಪಾಯಸಕ್ಕೆ ಹಾಕಿ, ಮನೆಮಂದಿಯೆಲ್ಲ ಬಾಳೆ ಎಲೆಯ ಮುಂದೆ ಕೂತು ಹಿರಿಯರ ಕೈಯಿಂದ ಒಂದೊಂದು ಚಮಚ ತಿಂದ ಮೇಲೆಯೇ ಊಟ. ಅವತ್ತು ಮೀನು ಮಾಂಸ ಇಲ್ಲ. ಊರಲ್ಲಿ ಇಲ್ಲದವರಿಗೆ ಕಾಳು ಕಳಿಸಬೇಕು. ದುಬೈಯಲ್ಲಿರುವ ನನ್ನ ನಾದಿನಿಗೂ ಅತ್ತೆ ಕೊರಿಯರ್ ಮಾಡಿಸುತ್ತಾರೆ. ಯಾರಿಗೆ ತೆನೆ ಹೋಗುತ್ತದೋ ಅವರು ನಮ್ಮವರು. ಹೋಗದಿದ್ದರೆ ಅಲ್ಲ. ಬೈಯುವುದು, ಮಾತು ಬಿಡುವುದು ಎಲ್ಲ ಇದರ ಮುಂದೆ ಏನೂ ಅಲ್ಲ.

ತೀರ್ಥಹಳ್ಳಿಯಲ್ಲಿ ಅತ್ತೆಗೆ ಒಬ್ಬಳೇ ತಂಗಿ. ನಾನು ಚಿಕ್ಕತ್ತೆ ಅನ್ನುತ್ತೇನೆ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದಾರೆ. ಆ ಮಗಳು ಅಲ್ಲಿಯವನೇ ಒಬ್ಬ ಹಿಂದೂ ಹುಡುಗನನ್ನು, ಹೈಸ್ಕೂಲಿನ ಗಣಿತದ ಮೇಷ್ಟ್ರನ್ನು, ಇಷ್ಟಪಟ್ಟು ಮದುವೆಯಾದಳು. ಅತ್ತೆ ಮದುವೆಗೆ ಹೋಗಲಿಲ್ಲ. ಆ ವರ್ಷ ತೀರ್ಥಹಳ್ಳಿಗೆ ತೆನೆಯೂ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ಆ ಅಳಿಯನ ಹೆಸರನ್ನು ಅತ್ತೆ ಒಮ್ಮೆಯೂ ಎತ್ತಿದವರಲ್ಲ, ಸಂಬಂಧ ಹಿಡಿದು ಕರೆದವರೂ ಅಲ್ಲ. ಹೇಳಲೇಬೇಕಾಗಿ ಬಂದರೆ 'ಆ ಹುಡುಗ'.

ನಾನು ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಮಾಡುತ್ತೇನೆ. ಬಾಯಿ ಸ್ವಲ್ಪ ಜೋರು, ಒಪ್ಪಿಕೊಳ್ಳುತ್ತೇನೆ. ನನ್ನ ಅಭಿಪ್ರಾಯ ಇಷ್ಟು: ಯೇಸುಸ್ವಾಮಿ ಹೇಳಿದ ಹೆಚ್ಚಿನ ಮಾತುಗಳಿಗೆ ವಿವರಣೆಯೇ ಬೇಕಿಲ್ಲ. ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಡಿ ಅಂದರೆ ಕೊಡಬೇಕು. ಅದರ ಒಳಾರ್ಥ ಹುಡುಕಲು ಹೊರಟವರು ಬೀರುವಿನ ಬೀಗ ತೆಗೆಯಲು ಮನಸ್ಸಿಲ್ಲದವರು. ಕ್ಷಮೆಯ ಬಗ್ಗೆ ಎಷ್ಟು ಪ್ರಸಂಗ ಕೇಳಿದ್ದೇವೆ ನಾವು? ಎಲ್ಲರೂ ತಲೆಯಾಡಿಸಿ ಹೊರಗೆ ಬಂದು ಯಾರ ಜೊತೆ ಮಾತಿಲ್ಲವೋ ಅವರನ್ನು ಬಿಟ್ಟು ಉಳಿದವರ ಜೊತೆ ಮಾತಾಡುತ್ತಾ ನಿಲ್ಲುತ್ತೇವೆ.

ಕಳೆದ ಸಲ ಹಬ್ಬ ಭಾನುವಾರವೇ ಬಂದಿತ್ತು. ಅದರ ಹಿಂದಿನ ಭಾನುವಾರ ನಮ್ಮ ಫಾದರ್ ಯೇಸುಸ್ವಾಮಿಯ ಆ ಕ್ಷಮೆಯ ಮಾತನ್ನೇ ಎತ್ತಿಕೊಂಡರು: ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದಾಗ, ನಿನ್ನ ಮೇಲೆ ಸಹೋದರನಿಗೆ ಏನೋ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನ ಜೊತೆ ಸರಿಮಾಡಿಕೋ, ಆಮೇಲೆ ಬಂದು ಅರ್ಪಿಸು. ಫಾದರ್ ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತುಗಾರರು. ಎಲ್ಲರೂ ಎಂದಿನ ಹಾಗೆ ತಲೆಯಾಡಿಸಿದೆವು.

ಹಬ್ಬದ ಹಿಂದಿನ ಸಂಜೆ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಕೂತು ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದೆವು. ಮಕ್ಕಳಿಗೆ ಅದೇ ಪಾಠ ಮಾಡಬೇಕಿತ್ತು, ಅದರ ಮಾತು ಬಂತು. ಮನೆಯಲ್ಲಿ ನಮ್ಮದು ಕೊಂಕಣಿ, ಆದರೆ ವಾದಕ್ಕೆ ನಿಂತರೆ ಅತ್ತೆ ಕನ್ನಡಕ್ಕೆ ಬರುತ್ತಾರೆ.

"ನಂಗಂತೂ ಯಾರ ಮೇಲೂ ಸಿಟ್ಟಿಲ್ಲಪ್ಪ," ಅಂದರು. "ಪ್ರತಿ ಪಾಪನಿವೇದನೇಲೂ ಅದನ್ನೇ ಹೇಳ್ತೀನಿ."

"ಅಲ್ಲಿ ಕೇಳಿರೋದು ಅದಲ್ಲ ಅತ್ತೆ," ಅಂದೆ. "ನಿಮಗೆ ಯಾರ ಮೇಲೆ ಸಿಟ್ಟು ಅಂತ ಅಲ್ಲ. ನಿಮ್ಮ ಮೇಲೆ ಯಾರಿಗೆ ಅಂತ."

ಅತ್ತೆ ದಂಟೆಲ್ಲ ಮುಗಿದ ಮೇಲೂ ಕೈಯಲ್ಲಿ ನಾರು ಹಿಡಿದುಕೊಂಡು ಕೂತಿದ್ದರು. ನಾನು ಹೆಚ್ಚು ಹೇಳಿದೆನೇನೋ ಅನ್ನಿಸಿತು, ಆದರೂ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಬೆಳಿಗ್ಗೆ ಮಂಜಿನಲ್ಲೇ ತೆನೆ ಕೊಯ್ದು, ಬುಟ್ಟಿಗೆ ಹೂ ಸುತ್ತಿ, ಚರ್ಚಿಗೆ ಹೋದೆವು. ಬಲಿಪೂಜೆಗೆ, ಅಂದರೆ ಮಾಸ್‌ಗೆ, ಇನ್ನೂ ಹೊತ್ತಿತ್ತು. ಅತ್ತೆ ಬುಟ್ಟಿಯನ್ನು ಬಲಿಪೀಠದ ಮುಂದೆ ಇಟ್ಟು, ಮೊಣಕಾಲೂರಿ ಎದ್ದು, ನೇರವಾಗಿ ಫಾದರ್ ಹತ್ತಿರ ಹೋದರು.

"ಫಾದರ್, ಬಲಿಪೂಜೆ ನಡೀಲಿ. ತೆನೆ ಮಾತ್ರ ಮುಟ್ಬೇಡಿ. ನಾನು ತೀರ್ಥಹಳ್ಳಿಗೆ ಹೋಗಿ ತಂಗಿ ಹತ್ರ ಸರಿಮಾಡ್ಕೊಂಡು ಬರ್ತೀನಿ. ಆಮೇಲೆ ಆಶೀರ್ವಾದ."

ಫಾದರ್ ಬುಟ್ಟಿ ನೋಡಿದರು, ಅತ್ತೆಯನ್ನು ನೋಡಿದರು. "ಅಮ್ಮ, ಇವತ್ತೇ ಹೋಗ್ಬೇಕಾ? ಎಲ್ಲರ ಮನೇಲೂ ಊಟ ಕಾಯ್ತಿರುತ್ತೆ."

"ಮೊದಲು ಅದು, ಆಮೇಲೆ ಇದು ಅಂತ ನೀವೇ ಅಲ್ವಾ ಹೇಳಿದ್ದು?"

ಪಾಪ, ಅವರಾದರೂ ಏನು ಮಾಡಿಯಾರು. ಬೇರೆ ತೆನೆ ತರೋಣವೆಂದರೆ ಸುತ್ತಲಿನ ಗದ್ದೆಗಳಲ್ಲಿ ಪೈರು ಇನ್ನೂ ಹುಲ್ಲಿನ ಹಾಗೆ ನಿಂತಿತ್ತು. ಕೊನೆಗೆ, "ಹೋಗಿ ಬನ್ನಿ, ಕಾಯ್ತೀವಿ" ಅಂದರು. ಆ ಮನುಷ್ಯನ ಮೇಲೆ ಆಗ ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ.

ಕಾರು ಹೊಡೆದದ್ದು ನಾನು. ಹೊಸನಗರ ತಲುಪುವ ಮೊದಲೇ ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ತೆನೆ ಆಶೀರ್ವಾದ ಮಧ್ಯಾಹ್ನಕ್ಕೆ ಎಂಬ ಸುದ್ದಿ ಬಂತು. ಅದರ ಕೆಳಗೆ ಸಾಲುಸಾಲು ಪ್ರಶ್ನೆಗಳು. ಹಸಿದುಕೊಂಡಿರಬೇಕಾ, ಪಲ್ಯ ಹಳಸಿದರೆ ಯಾರು ಹೊಣೆ, ಇವರ ಮನೆ ಜಗಳಕ್ಕೆ ನಾವು ಯಾಕೆ ಕಾಯಬೇಕು. ನಾನು ಓದಿ ಹೇಳಲಿಲ್ಲ. ಹೊಸನಗರದ ಬಸ್ ಸ್ಟ್ಯಾಂಡಿನ ಹತ್ತಿರ ಕಾಫಿಗೆ ನಿಲ್ಲಿಸಿದೆ. ಅತ್ತೆ ಇಳಿಯಲಿಲ್ಲ. ಹೊಸ ಅಕ್ಕಿ ತಿನ್ನುವ ತನಕ ಅವರು ಅವತ್ತು ನೀರೂ ಮುಟ್ಟುವುದಿಲ್ಲ.

"ಅವಳು ಬಾಗಿಲೇ ತೆಗೀದಿದ್ರೆ?" ಅಂದರು.

"ಜಗಲಿ ಮೇಲೆ ಕೂತ್ಕೊಳ್ಳೋಣ."

"ವಾಪಸ್ ಹೋಗೋಣ್ವಾ?"

"ಊರೆಲ್ಲ ಹಸ್ಕೊಂಡು ಕೂತಿದೆ ಅತ್ತೆ. ಈಗ ಬರಿಗೈಲಿ ಹೋದ್ರೆ ನಮ್ಮನ್ನೇ ಪಲ್ಯ ಮಾಡ್ತಾರೆ."

ಅತ್ತೆ ನಗಲಿಲ್ಲ. ಹೊಸನಗರ ಬಿಟ್ಟ ಮೇಲೆ ಜಪಸರ ತೆಗೆದರು. ಕವಲೇದುರ್ಗಕ್ಕೆ ಹೋಗುವ ದಾರಿ ಕೇಳಲು ಯಾರೋ ಬೈಕಿನವರು ಕೈ ಅಡ್ಡ ಹಿಡಿದಾಗಲೂ ಕಣ್ಣು ತೆರೆಯಲಿಲ್ಲ. ಇಷ್ಟು ವರ್ಷದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಬ್ಬಳೇ ತಂಗಿ, ಇಬ್ಬರಿಗೂ ವಯಸ್ಸಾಗಿದೆ. ಈ ಸಲ ಬಾಗಿಲು ಮುಚ್ಚಿದರೆ ಮತ್ತೆ ತಟ್ಟಲು ಯಾರೂ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

ಬಾಗಿಲು ತೆರೆದೇ ಇತ್ತು. ಚಿಕ್ಕತ್ತೆ ಹೊಸ್ತಿಲ ಮೇಲೆ ನಿಂತು ಅಕ್ಕನ ಮುಖ ನೋಡಲಿಲ್ಲ, ಕೈ ನೋಡಿದರು.

"ತೆನೆ ಎಲ್ಲಿ?"

"ತಂದಿಲ್ಲ," ಅಂದರು ಅತ್ತೆ.

ನಮ್ಮ ಕಡೆ ತೆನೆ ಹಬ್ಬದ ದಿನ ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲ. ಚಿಕ್ಕತ್ತೆಯ ಮುಖ ಕೆಂಪಾಯಿತು. "ಇಷ್ಟು ವರ್ಷ ಕಳಿಸ್ಲಿಲ್ಲ, ಸುಮ್ನಿದ್ದೆ. ಈಗ ಹಬ್ಬದ ದಿನ ಕೈ ಬೀಸ್ಕೊಂಡು ಮನೆ ಬಾಗಿಲಿಗೇ ಬಂದ್ಯಾ, ತೋರಿಸ್ಲಿಕ್ಕೆ?"

ನಾನು ಮಧ್ಯೆ ಬಾಯಿ ಹಾಕಿ ಎಲ್ಲ ಹೇಳಿದೆ. ಬುಟ್ಟಿ ಬಲಿಪೀಠದ ಮುಂದಿದೆ, ನೀವು ಸರಿ ಅನ್ನುವವರೆಗೆ ಆಶೀರ್ವಾದ ಇಲ್ಲ, ಚರ್ಚಿನವರೆಲ್ಲ ಊಟ ಮಾಡದೆ ಕಾಯುತ್ತಿದ್ದಾರೆ.

"ಎಲ್ಲರೂ ಕಾಯ್ತಿದಾರಾ?"

"ಹೌದು ಚಿಕ್ಕತ್ತೆ."

"ಕಾಯ್ಲಿ," ಅಂದು ಅವರು ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಅಕ್ಕ ತಂಗಿ ಒಂದೇ ಅಚ್ಚು ಎಂದು ಅವತ್ತು ಖಾತ್ರಿಯಾಯಿತು.

ನಾವು ಒಳಗೆ ಕೂತೆವು. ಚಿಕ್ಕತ್ತೆ ಷರತ್ತು ಹಾಕಿದರು: ಮೊದಲು ತೆನೆ ಬರಲಿ, ಆಮೇಲೆ ಮಾತು. ಅತ್ತೆ ಹೇಳಿದರು: ಮೊದಲು ನೀನು ಮನಸ್ಸು ಸರಿಮಾಡಿಕೋ, ಆಮೇಲೆಯೇ ತೆನೆ, ಸ್ವಾಮಿ ಹೇಳಿದ್ದು ಹಾಗೆ. ಒಬ್ಬರೂ ಜಗ್ಗಲಿಲ್ಲ. ನನ್ನ ಫೋನು ಚೀಲದೊಳಗೆ ಟಿಣ್ ಟಿಣ್ ಅನ್ನುತ್ತಲೇ ಇತ್ತು.

ಆಗ ಅತ್ತೆಯ ಕಣ್ಣು ಬಾಗಿಲ ಮೇಲೆ ಹೋಯಿತು. ಚೌಕಟ್ಟಿಗೆ ಒಣಗಿದ ತೆನೆಗಳ ಒಂದು ಸಣ್ಣ ಕಟ್ಟು, ಮಾವಿನ ಎಲೆಯ ಜೊತೆ ಸೇರಿಸಿ ಕಟ್ಟಿದ್ದು. ಅದೇನೆಂದು ಮಲೆನಾಡಿನಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹಿಂದೂಗಳ ಮನೆಯಲ್ಲಿ ಹೊಸ್ತು ಹಬ್ಬಕ್ಕೆ ಹೊಸ ತೆನೆ ತಂದು ಬಾಗಿಲಿಗೆ ಕಟ್ಟುತ್ತಾರೆ, ಮುಂದಿನ ವರ್ಷದ ತೆನೆ ಬರುವ ತನಕ ಅದು ಅಲ್ಲೇ ಇರುತ್ತದೆ.

"ಅದು ಯಾರು ಕಟ್ಟಿದ್ದು?" ಅತ್ತೆ ಕೇಳಿದರು.

"ನನ್ನ ಅಳಿಯನ ಅಪ್ಪ ಅಮ್ಮ," ಅಂದರು ಚಿಕ್ಕತ್ತೆ. "ಮದ್ವೆಯಾದ ವರ್ಷದಿಂದ ಪ್ರತಿ ಹೊಸ್ತಿಗೂ ಅವರೇ ತಂದು ಕಟ್ತಾರೆ. ಬೀಗಿತ್ತಿ ಮನೆಗೆ ತೆನೆ ಬರ್ದೆ ಇರ್ಬಾರ್ದು ಅಂತ."

ನನಗೆ ಬೈಬಲಿನ ಸಮಾರ್ಯದವನ ಕತೆ ನೆನಪಾಯಿತು. ದಾರಿಯಲ್ಲಿ ಬಿದ್ದವನನ್ನು ನೋಡಿಯೂ ನೋಡದ ಹಾಗೆ ಹೋದವರು ಅವನ ಸ್ವಂತ ಜನ, ನಿಂತು ಎತ್ತಿದವನು ಬೇರೆಯವನು. ಮಕ್ಕಳಿಗೆ ಎಷ್ಟೋ ಸಲ ಈ ಪಾಠ ಮಾಡಿದ್ದೇನೆ. ನಮ್ಮ ಮನೆಯವರು ಅದರಲ್ಲಿ ಯಾರ ಪಾತ್ರದಲ್ಲಿದ್ದೇವೆ ಎಂದು ಆವತ್ತಿನವರೆಗೆ ಯೋಚಿಸಿರಲಿಲ್ಲ. ನನಗೆ ನಾಚಿಕೆಯಾಯಿತು.

ಅತ್ತೆ ಎದ್ದರು. ತಂಗಿಯ ಮಗಳು ಮಗುವನ್ನು ಮಲಗಿಸಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ಮೇಷ್ಟ್ರು. ಅತ್ತೆ ಅವರ ಮುಂದೆ ಹೋಗಿ ನಿಂತರು.

"ನಿನ್ನ ಮದ್ವೆಗೆ ನಾನು ಬರ್ಲಿಲ್ಲ. ತೆನೆನೂ ನಿಲ್ಸಿದೆ. ದೇವರ ಹೆಸರು ಹೇಳ್ಕೊಂಡು ಮಾಡಿದೆ, ಅದು ಇನ್ನೂ ದೊಡ್ಡ ತಪ್ಪು. ನಿನ್ನ ಗಂಡನ ಮನೆಯವರು ಮಾಡಿದ್ದನ್ನ ನಾನು ಮಾಡ್ಬೇಕಿತ್ತು." ಒಂದು ಮಾತನ್ನೂ ನುಂಗಲಿಲ್ಲ.

ಹುಡುಗಿ ಅತ್ತಳು. "ಬೇರೆ ಏನೂ ಬೇಜಾರಿರ್ಲಿಲ್ಲ ದೊಡ್ಡಮ್ಮ," ಅಂದಳು. "ಸೆಪ್ಟೆಂಬರ್ ಬಂದ್ರೆ ಅಮ್ಮ ಗೇಟ್ ಹತ್ರಾನೇ ಇರೋರು, ಪೋಸ್ಟ್‌ಮ್ಯಾನ್ ಹೋಗೋವರೆಗೂ. ಅದನ್ನ ನೋಡ್ಲಿಕ್ಕೆ ಆಗ್ತಿರ್ಲಿಲ್ಲ."

ಚಿಕ್ಕತ್ತೆ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆದರೂ ಸರಿ ಅನ್ನಲಿಲ್ಲ. ಕೊನೆಗೆ ಮೇಷ್ಟ್ರೇ ಬಾಗಿಲ ಹತ್ತಿರ ಹೋದರು. ಎತ್ತರದ ಆಳು, ಸ್ಟೂಲು ಬೇಕಾಗಲಿಲ್ಲ. ಕಟ್ಟು ಬಿಚ್ಚದೆ ಅದರಿಂದ ಒಂದೇ ಒಂದು ತೆನೆಯನ್ನು ಮೆಲ್ಲಗೆ ಎಳೆದು ತೆಗೆದು ಅತ್ತೆಯ ಕೈಗೆ ಕೊಟ್ಟರು.

"ಇದನ್ನ ನಿಮ್ಮ ಬುಟ್ಟಿಗೆ ಹಾಕಿ ದೊಡ್ಡಮ್ಮ. ಹೋದ ವರ್ಷದ್ದು, ಆದ್ರೂ ತೆನೆನೇ. ಈ ಮನೇದೂ ಒಂದು ಅಲ್ಲಿಗೆ ಸೇರಿದ್ರೆ ತೆನೆನೂ ರಾಜಿನೂ ಒಟ್ಟಿಗೇ ಆಗುತ್ತೆ, ಯಾವುದು ಮೊದಲು ಅನ್ನೋ ಜಗಳ ಇಲ್ವಲ್ಲ. ದಸರಾ ಆದ್ಮೇಲೆ ನಮ್ಮನೆ ಹೊಸ್ತಿಗೆ ನೀವು ಬನ್ನಿ."

ಅತ್ತೆ ಎರಡೂ ಕೈ ಚಾಚಿ ತೆಗೆದುಕೊಂಡರು.

"ಅದನ್ನ ಕಾರಲ್ಲಿ ಹಂಗೇ ಹಿಡ್ಕೊಂಡು ಹೋದ್ರೆ ಕಾಳೆಲ್ಲ ಉದುರಿ ಹೋಗುತ್ತೆ," ಅಂದರು ಚಿಕ್ಕತ್ತೆ. ಒಂದು ಬಿಳಿ ಬಟ್ಟೆ ತಂದು ತೆನೆಯನ್ನು ಸುತ್ತಿದರು. ಸುತ್ತಿ ಅಕ್ಕನಿಗೆ ಕೊಡಲಿಲ್ಲ. "ನಾನೇ ತರ್ತೀನಿ. ನಡಿ, ಜನ ಹಸ್ಕೊಂಡಿದಾರೆ."

ವಾಪಸ್ ಬರುವಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಹೊಸನಗರದ ತನಕ ಒಂದು ಮಾತೂ ಆಡಲಿಲ್ಲ. ಹೊಸನಗರ ದಾಟಿದ ಮೇಲೆ ಚಿಕ್ಕತ್ತೆ, "ಪಾಯಸಕ್ಕೆ ಏಲಕ್ಕಿ ಹಾಕಿದೀಯಾ, ಮರ್ತಿದೀಯಾ?" ಎಂದು ಕೇಳಿದರು. ಅಲ್ಲಿಂದ ಸಾಗರ ಬರುವವರೆಗೆ ನನಗೆ ಮಾತಾಡಲು ಅವಕಾಶವೇ ಸಿಗಲಿಲ್ಲ.

ಚರ್ಚಿನ ಅಂಗಳದಲ್ಲಿ ಜನ ಮರದ ನೆರಳಿಗೆ ಕೂತಿದ್ದರು. ಮನೆಗೆ ಹೋಗಿದ್ದವರೂ ತಿರುಗಿ ಬಂದಿದ್ದರು. ಗ್ರೂಪಿನಲ್ಲಿ ಹಾರಾಡಿದವರು ಅಕ್ಕ ತಂಗಿ ಜೊತೆಯಲ್ಲಿ ಕಾರಿನಿಂದ ಇಳಿದದ್ದು ನೋಡಿ ಎದ್ದು ದಾರಿ ಬಿಟ್ಟರು. ಚಿಕ್ಕತ್ತೆ ಬಟ್ಟೆ ಬಿಚ್ಚಿ, ಬಲಿಪೀಠದ ಮುಂದಿದ್ದ ಬುಟ್ಟಿಯ ಹಸಿರು ತೆನೆಗಳ ಮೇಲೆ ಆ ಒಣ ತೆನೆಯನ್ನು ಇಟ್ಟರು.

ಫಾದರ್ ತೀರ್ಥ ಚಿಮುಕಿಸಲು ಬಂದವರು ಅದನ್ನು ಕಂಡು ನಿಂತರು. "ಇದು?"

"ಅದೂ ನಮ್ಮನೇದೇ ಫಾದರ್," ಅಂದರು ಅತ್ತೆ.

ಆಶೀರ್ವಾದವಾಯಿತು. ತೆನೆ ಹಂಚುವುದು ಯಾವಾಗಲೂ ಅತ್ತೆಯೇ. ಜನ ಸಾಲಾಗಿ ಬಂದರು, ಚಿಕ್ಕತ್ತೆ ಎಲ್ಲರಿಗಿಂತ ಮುಂದೆ ಹೋಗಿ ಕೈ ಚಾಚಿದರು. ಅತ್ತೆ ಬುಟ್ಟಿಯೆಲ್ಲ ಕೆದಕಿ, ಎಲ್ಲಕ್ಕಿಂತ ತುಂಬಿದ ಒಂದು ತೆನೆ ಹುಡುಕಿ ಆ ಕೈಗಿಟ್ಟರು.

"ಇದು ನಿಂಗಲ್ಲ," ಅಂದರು. "ನಮ್ಮ ಅಳಿಯಂಗೆ. ನಿಂದು ಆಮೇಲೆ ಕೊಡ್ತೀನಿ, ಹೋಗಿ ಸಾಲಲ್ಲಿ ನಿಲ್ಲು."