ಗುಮ್ಮನಗುಸಕ ಬಾಯಿ ಬಿಟ್ಟ ದಿನ

ಕ್ಲಾಸಿನವರು ಅವನಿಗಿಟ್ಟ ಹೆಸರು ಗುಮ್ಮನಗುಸಕ. ಬೇರೆ ದೇಶದಿಂದ ಓದಲು ಬಂದ ಹುಡುಗ. ಹೇಳಿದ ಪುಸ್ತಕವನ್ನೆಲ್ಲ ಎರಡೆರಡು ಸಲ ಓದಿ, ಉದ್ದ ಮೇಜಿನ ತುದಿಯಲ್ಲಿ ಕೈಕಟ್ಟಿ ಕೂರುತ್ತಿದ್ದ. ಮೇಷ್ಟ್ರು ಮಾತಾಡುವಾಗ ನಡುವೆ ಬಾಯಿ ಹಾಕುವುದು ಅಧಿಕಪ್ರಸಂಗ ಎಂದು ಹೇಳಿಯೇ ಮನೆಯಲ್ಲಿ ಬೆಳೆಸಿದ್ದರು. ತುಂಬಿದ ಕೊಡ ತುಳುಕುವುದಿಲ್ಲ, ಸರಿಯೇ. ಆದರೆ ಈ ವಿಶ್ವವಿದ್ಯಾಲಯದಲ್ಲಿ ಅಂಕ ಸಿಗುತ್ತಿದ್ದದ್ದು ತುಳುಕಿದ್ದಕ್ಕೆ.

ಒಂದು ದಿನ ಮೇಷ್ಟ್ರು ಅವನನ್ನು ಕೋಣೆಗೆ ಕರೆಸಿದರು. "ನೋಡಪ್ಪ, ಚರ್ಚೇಲಿ ಮಾತಾಡೋದಕ್ಕೂ ಅಂಕ ಇದೆ. ನಿನ್ನದು ಸೊನ್ನೆ. ಹೀಗೇ ಆದ್ರೆ ಫೇಲು. ಫೇಲಾದ್ರೆ ವೀಸಾ ಹೋಗುತ್ತೆ, ಗೊತ್ತಲ್ಲ? ಇಲ್ಲಿ ಚಿಕ್ಕವರು ದೊಡ್ಡವರು ಅಂತೇನಿಲ್ಲ. ನಾನು ಹೇಳಿದ್ದನ್ನೂ ಪ್ರಶ್ನೆ ಮಾಡು. ಧಾರಾಳವಾಗಿ ಮಾಡು."

ಎಂಥ ಉದಾರ ಮನಸ್ಸು! ಹುಡುಗ ತಲೆಯಾಡಿಸಿ ಬಂದ. ರೂಮಿಗೆ ಹೋಗಿ ಜೊತೆಗಾರನಿಗೆ ಎಲ್ಲ ಹೇಳಿಕೊಂಡ.

ಜೊತೆಗಾರ ವಿಶ್ವವಿದ್ಯಾಲಯದ ಊರಿನವನೇ, ಮಾತಿನ ಮಲ್ಲ. ಹಾಸಿಗೆ ಬಿಟ್ಟೇಳದೆ ಉಪದೇಶ ಮಾಡಿದ. "ನಿನ್ನ ತಪ್ಪೇನು ಗೊತ್ತಾ ಗುರು? ಓದ್ಕೊಂಡು ಬರ್ತೀಯ. ಓದಿದ್ರೆ ಅನುಮಾನ ಬರುತ್ತೆ, ಅನುಮಾನ ಬಂದ್ರೆ ಬಾಯಿ ಕಟ್ಟುತ್ತೆ. ನಾನು ಪುಸ್ತಕಾನೇ ಮುಟ್ಟಲ್ಲ. 'ಇದನ್ನ ಇನ್ನೊಂದು ಕಡೆಯಿಂದ ನೋಡಬೇಕು' ಅಂತೀನಿ, ಅಷ್ಟೇ. ಯಾವ ಕಡೆಯಿಂದ ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ."

ಮುಂದಿನ ಕ್ಲಾಸಿನಲ್ಲಿ ಹುಡುಗನ ಕೈ ಮೇಲೆದ್ದಿತು. ಜೊತೆಗಾರನ ಮಂತ್ರ ಬಾಯಿಗೆ ಬರಲಿಲ್ಲ. ಪಾಪ, ಓದಿದ್ದೇ ಬಂತು.

"ಸರ್, ನೀವು ಹೇಳಿದ್ದಕ್ಕೆ ತದ್ವಿರುದ್ಧವಾಗಿ ಈ ಪುಸ್ತಕದಲ್ಲಿದೆ." ಪುಟ ತೆಗೆದು ಓದಿಯೂ ಬಿಟ್ಟ. ಪುಸ್ತಕ ಬರೆದವರು ಮೇಷ್ಟ್ರೇ.

ಮಾತಿನ ಮಲ್ಲರೆಲ್ಲ ತಂತಮ್ಮ ಬೂಟು ನೋಡಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, "ಒಳ್ಳೆ ಪ್ರಶ್ನೆ. ಆಮೇಲೆ ಮಾತಾಡೋಣ," ಎಂದು ಪಾಠ ಮುಂದುವರಿಸಿದರು.

ಕ್ಲಾಸು ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವನನ್ನು ನಿಲ್ಲಿಸಿಕೊಂಡರು. "ಅಂತೂ ಮಾತಾಡಿದೆಯಲ್ಲ, ಸಂತೋಷ. ಅಂಕ ಕೊಡ್ತೀನಿ, ಪಾಸಾಗ್ತೀಯ." ಆಮೇಲೆ ದನಿ ತಗ್ಗಿಸಿದರು. "ಆದ್ರೆ ದೊಡ್ಡವರ ಮುಂದೆ ಸ್ವಲ್ಪ ತಗ್ಗಿ ಬಗ್ಗಿ ನಡ್ಕೋಬೇಕಪ್ಪ. ನಿಮ್ಮ ಮನೇಲಿ ಇದನ್ನೆಲ್ಲ ಹೇಳಿಕೊಡಲಿಲ್ವಾ?"

ಅವನ ಮೈಯೆಲ್ಲ ಉರಿದುಹೋಯಿತು. ಉರಿಯನ್ನು ನುಂಗಿಕೊಂಡು, "ಇಲ್ಲ ಸರ್, ಹೇಳಿಕೊಡಲಿಲ್ಲ," ಎಂದ.

ಮನೆಯವರ ಮರ್ಯಾದೆ ಹೋಯಿತು, ವೀಸಾ ಉಳಿಯಿತು.