ಸರ್ದಾರಬೀ ಅಕ್ಕಾರು ಹಿಡಿದ ಎರಡಿಂಚಿನ ತಪ್ಪು

ಯಲಬುರ್ಗಾ ಬಸ್ ಸ್ಟ್ಯಾಂಡ್ ಎದುರಿನ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗೆ ಮಾಲೀಕ ನಾನು, ಯಂಕೇಶ. ಆದರೆ ಅಂಗಡಿಗೆ ಹೆಸರು ಬಂದದ್ದು ಸರ್ದಾರಬೀ ಅಕ್ಕಾರಿಂದ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಪಡಬೇಕಾದ ಸಂಗತಿ ಬೇರೆ ಇದೆ, ಅದನ್ನೂ ಹೇಳುತ್ತೇನೆ.

ಅಕ್ಕಾರು ೧೯೯೭ರಲ್ಲಿ ಹತ್ತಿರದ ತಳಕಲ್ ಊರಿಗೆ ಸೊಸೆಯಾಗಿ ಬಂದವರು. ಅಂದಿನಿಂದ ಕೈಯಲ್ಲೇ ಜರಿ ಕೆಲಸ. ಬಟರ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಬಣ್ಣದ ಪುಡಿ ಉಜ್ಜಿದರೆ ಕೆಳಗಿನ ಬಟ್ಟೆಯಲ್ಲಿ ಚಿತ್ರ ಮೂಡುತ್ತದೆ. ಆ ಕಾಗದಕ್ಕೆ ಅವರು ಖಾಕಾ ಎನ್ನುತ್ತಾರೆ. ಮಷಿನ್ ಬಂದು ಕೈಕೆಲಸ ಕೇಳುವವರಿಲ್ಲದಂತಾದಾಗ ಉಳಿದವರು ಮಷಿನ್ನಿಗೆ ಹಿಡಿಶಾಪ ಹಾಕುತ್ತ ಕುಳಿತರು. ಅಕ್ಕಾರು ಬಸ್ ಹತ್ತಿ ನನ್ನಲ್ಲಿಗೆ ಬಂದರು. ಏಳನೇ ಇಯತ್ತೆ ಓದಿದ, ನಲವತ್ತರ ಹತ್ತಿರದ ಹೆಂಗಸು ಮೂರೇ ತಿಂಗಳಲ್ಲಿ ಮೌಸ್ ಹಿಡಿದು ಹೂಬಳ್ಳಿ ಬರೆಯತೊಡಗಿದರು. ಅವರು ಪರದೆಯ ಮೇಲೆ ಎಲ್ಲಿ ಚುಕ್ಕೆ ಇಡುತ್ತಾರೋ ಅಲ್ಲೇ ಮಷಿನ್ನಿನ ಸೂಜಿ ಇಳಿಯುತ್ತದೆ.

೨೦೧೯ರಲ್ಲಿ ಹೊಸ ಮಾನಿಟರ್ ತಂದೆ. ಅಕ್ಷರಗಳು ಸಾಸಿವೆ ಕಾಳಿನಷ್ಟು ಕಂಡವು. ಅಕ್ಕಾರ ಕಣ್ಣಿಗೆ ತ್ರಾಸಾಗಬಾರದೆಂದು ನಾನೇ ಸೆಟ್ಟಿಂಗಿಗೆ ಹೋಗಿ ಎಲ್ಲವನ್ನೂ ಒಂದಿಷ್ಟು ದೊಡ್ಡದು ಮಾಡಿದೆ, ಮಾಡಿದ್ದನ್ನು ಮರೆತೂ ಬಿಟ್ಟೆ. ಮರುದಿನವೇ ಅಕ್ಕಾರು, ಬಾಣದ ಗುರುತು ಒಂದು ಕಡೆ ಇಟ್ಟರೆ ಚುಕ್ಕೆ ಇನ್ನೊಂದು ಕಡೆ ಬೀಳುತ್ತಿದೆ ಎಂದರು. ನಾನು ನಿಂತಲ್ಲೇ ಬಗ್ಗಿ ಮೇಲಿನ ಎಡಮೂಲೆಯಲ್ಲಿ ಎರಡು ಸಲ ಒತ್ತಿದೆ. ಸರಿಯಾಗೇ ಬಿತ್ತು. ಅಕ್ಕಾರಿಗೆ ವಯಸ್ಸಾಯಿತು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಅವರು ಅಂದಾಜಿನ ಮೇಲೆ ಅತ್ತಿತ್ತ ಸರಿಸಿ ಒತ್ತುತ್ತ ಎರಡು ವಾರ ಹೇಗೋ ದೂಡಿದರು. ಕೊನೆಗೆ ಮದುಮಗಳೊಬ್ಬಳ ಕುಪ್ಪಸದಲ್ಲಿ ನವಿಲಿನ ಕಣ್ಣು ಹೋಗಿ ಕೊಕ್ಕಿನ ಮೇಲೆ ಕೂತಿತು. ಮದುವೆಯವರು ಅಂಗಡಿ ಮುಂದೆ ನಿಂತು ನನ್ನ ಮರ್ಯಾದೆ ಹರಾಜು ಹಾಕಿದರು. ನಾನು ಅಕ್ಕಾರನ್ನು ಕೊಪ್ಪಳಕ್ಕೆ ಕರೆದೊಯ್ದು ಹೊಸ ಕನ್ನಡಕ ಕೊಡಿಸಿದೆ. ಆದರೂ ಚುಕ್ಕೆ ತಪ್ಪುತ್ತಲೇ ಇತ್ತು. ಸೋಮವಾರದಿಂದ ನೀವು ದಾರ ಕತ್ತರಿಸುವ ಕಡೆ ಕೂರಿ, ಕಂಪ್ಯೂಟರಿಗೆ ಗಂಗಾವತಿಯಿಂದ ಬೇರೆಯವರು ಬರುತ್ತಾರೆ ಎಂದೆ. ಅಕ್ಕಾರು ಜಗಳಕ್ಕೆ ಬರಲಿಲ್ಲ. ಅಲ್ಲಿಯವರೆಗೆ ಕುರ್ಚಿ ನನ್ನದೇ ತಾನೆ ಎಂದಷ್ಟೇ ಕೇಳಿದರು.

ಮರುದಿನ ಬಂದವರೇ ಮಾನಿಟರಿನ ಮೇಲೆ ಬಟರ್ ಪೇಪರ್ ಅಂಟಿಸಿದರು. ನನಗೆ ನಗು ಬಂತು. ಅವರು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒತ್ತುತ್ತ ಹೋದರು. ಬಾಣದ ತುದಿ ಇದ್ದಲ್ಲಿ ಕೆಂಪು ಪೆನ್ಸಿಲಿನ ಗುರುತು, ಚುಕ್ಕೆ ಬಿದ್ದಲ್ಲಿ ಕರಿ ಗುರುತು. ಆಮೇಲೆ ಕಾಗದ ಬಿಡಿಸಿ ನನ್ನ ಟೇಬಲ್ ಮೇಲೆ ಹಾಸಿ, ಕೊರಳಲ್ಲಿದ್ದ ಟೇಪಿನಿಂದ ಅಳೆದು ತೋರಿಸಿದರು. ಮೇಲಿನ ಎಡಮೂಲೆಯಲ್ಲಿ ಕೆಂಪೂ ಕರಿಯೂ ಒಂದರ ಮೇಲೊಂದು. ಅಲ್ಲಿಂದ ಐದು ಇಂಚಿಗೆ ಒತ್ತಿದ್ದು ನಾಲ್ಕಕ್ಕೆ ಬಿದ್ದಿತ್ತು, ಹತ್ತಕ್ಕೆ ಒತ್ತಿದ್ದು ಎಂಟಕ್ಕೆ.

"ನನ್ನ ಕೈ ನಡುಗಿದ್ರ ಎಲ್ಲಾ ಕಡೆ ತಪ್ಪಬೇಕಿತ್ತು ಯಂಕೇಶಪ್ಪ. ಈ ಮೂಲ್ಯಾಗ ಯಾಕ ತಪ್ಪಿಲ್ಲ?" ಎಂದರು. "ಎಂಟು ಇಂಚಿನ ಖಾಕಾ ಯಾರೋ ಹತ್ತಕ್ಕ ಹಿಗ್ಗಿಸ್ಯಾರ. ಹಿಗ್ಗಿಸಿದ್ದು ಈ ಸಾಫ್ಟ್‌ವೇರಿಗೆ ಗೊತ್ತಿಲ್ಲ, ಹಳೇ ಅಳತಿನ ಹಿಡ್ಕೊಂಡು ಕುಂತೈತಿ."

ನನಗೆ ಆಗ ನೆನಪಾಯಿತು. ಸೆಟ್ಟಿಂಗ್ ತೆರೆದು ನೋಡಿದೆ. ನೂರಿದ್ದದ್ದನ್ನು ನಾನು ನೂರಿಪ್ಪತ್ತೈದು ಪರ್ಸೆಂಟ್ ಮಾಡಿದ್ದೆ. ಎಂಟಕ್ಕೆ ಹತ್ತು ಎಂದರೂ ಅದೇ. ಅಕ್ಕಾರ ಟೇಪು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಲೆತಗ್ಗಿಸಿ ಅದನ್ನು ನೂರಕ್ಕೆ ಇಳಿಸಿದೆ. ಚುಕ್ಕೆ ಸರಿಹೋಯಿತು, ಅಕ್ಷರ ಮತ್ತೆ ಸಾಸಿವೆಯಾಯಿತು. ಇಷ್ಟೇ ಸಾಕೆಂದರೆ ಅಕ್ಕಾರು ಒಪ್ಪಲಿಲ್ಲ. ಕಂಪ್ಯೂಟರ್ ರಿಪೇರಿಯ ಯೂಸುಫನಿಗೆ ಫೋನ್ ಹಚ್ಚಿ, ತಪ್ಪು ಎಲ್ಲಿದೆಯೆಂದು ತಾವೇ ಅವನಿಗೆ ತಿಳಿಸಿ, ದಾರಿ ಕೇಳಿದರು. ಅವನು ಹೇಳಿದಂತೆ ಮತ್ತೆ ನೂರಿಪ್ಪತ್ತೈದಕ್ಕೆ ಏರಿಸಿದರು. ಸಾಫ್ಟ್‌ವೇರಿನ ಐಕಾನ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಎಂದು ಒಳಗೆ ಹೋಗಿ, ಹಿಗ್ಗಿಸುವ ಕೆಲಸವನ್ನು ಅದರ ಕೈಯಿಂದ ಕಿತ್ತು ಸಿಸ್ಟಮ್‌ಗೆ ಒಪ್ಪಿಸಿದರು. ಮುಚ್ಚಿ ಮತ್ತೆ ತೆರೆದಾಗ ಅಕ್ಷರಗಳು ತುಸು ಮಬ್ಬಾಗಿದ್ದರೂ ದೊಡ್ಡವಾಗೇ ಇದ್ದವು. ಕೆಳಗಿನ ಬಲಮೂಲೆಯಲ್ಲಿ ಒತ್ತಿದರು. ಚುಕ್ಕೆ ಬಾಣದ ತುದಿಗೇ ಬಿತ್ತು.

ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಇಂಥವರು ನನ್ನ ಅಂಗಡಿಯಲ್ಲಿದ್ದಾರಲ್ಲ ಎನಿಸಿತು. ಅವರ ಎದುರಿಗೇ ಗಂಗಾವತಿಗೆ ಫೋನ್ ಮಾಡಿ ಬರುವುದು ಬೇಡವೆಂದೆ. ತಪ್ಪಾಯಿತು ಅಕ್ಕಾರ ಎಂದೂ ಹೇಳಿದೆ.

ಅಕ್ಕಾರು ಹೊಸ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ನನ್ನ ಟೇಬಲ್ ಮೇಲಿಟ್ಟರು.

"ಇದನ್ನ ನೀವ ಇಟ್ಕೊಳ್ರಿ," ಎಂದರು. "ನನಗ ಹಳೇದರಾಗ ಎಲ್ಲಾ ಕಾಣಿಸ್ತೈತಿ."

ಹೇಳಿ, ತಮ್ಮ ಕುರ್ಚಿ ಎಳೆದುಕೊಂಡು ನವಿಲಿಗೆ ಹೊಸದಾಗಿ ಕಣ್ಣು ಬರೆಯಲು ಕೂತರು. ಆ ಕನ್ನಡಕ ಈಗಲೂ ನನ್ನ ಟೇಬಲ್ಲಿನ ಖಾನೆಯಲ್ಲಿದೆ. ಯಾರದಾದರೂ ಕೈ ತಪ್ಪಿದೆ ಎನ್ನುವ ಮೊದಲು ಒಮ್ಮೆ ಆ ಖಾನೆ ಎಳೆದು ನೋಡುತ್ತೇನೆ.